ಮುದುಕನಾಗಲು ಹೊರಟ ದಾವಲಸಾಬ

ನಮ್ಮ ಊರಲ್ಲಿ ಕೆಲಸದಲ್ಲಿ ಮುಳುಗಿದ ಮನುಷ್ಯನಿಗೆ ವಯಸ್ಸಾಗುವುದಿಲ್ಲ. ಕೈ ಕೆಲಸದಲ್ಲಿದ್ದು ಮನಸ್ಸೂ ಅಲ್ಲೇ ಇದ್ದಷ್ಟು ಹೊತ್ತು ಒಂದು ಕೂದಲು ನರೆಯುವುದಿಲ್ಲ, ಒಂದು ಹಲ್ಲು ಅಲ್ಲಾಡುವುದಿಲ್ಲ. ಕೈ ಬಿಟ್ಟು ಕೂತಿರೋ, ವಯಸ್ಸು ಬಂದು ಪಕ್ಕದಲ್ಲಿ ಕೂರುತ್ತದೆ. ನಿದ್ದೆಯಲ್ಲಿ, ಊಟದಲ್ಲಿ ಚೂರುಪಾರು ಸೋರಿಹೋಗುವುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಯಾಕೆ ಹೀಗೆ ಎಂದು ನನ್ನನ್ನು ಕೇಳಬೇಡಿ. ನಾನು ರಾಚಪ್ಪ, ಊರಿನ ಕ್ಷೌರದ ಅಂಗಡಿಯವನು. ಯಾರ ತಲೆಯಲ್ಲಿ ಎಷ್ಟು ಬಿಳಿಯಿದೆ ಎಂಬುದು ಅವರ ಹೆಂಡತಿಗಿಂತ ಮೊದಲು ನನಗೆ ಗೊತ್ತಾಗುತ್ತದೆ, ಅಷ್ಟೇ.

ಇದರಿಂದ ಊರಿಗೆ ಅನುಕೂಲವೂ ಇದೆ, ಪೀಕಲಾಟವೂ ಇದೆ. ನಮ್ಮೂರ ಸರ್ಕಾರಿ ಕಚೇರಿಗೆ ಮೇಲಿನ ಸಾಹೇಬರು ತಪಾಸಣೆಗೆ ಬಂದರೆ ಒಂದು ಕಡತವನ್ನೂ ತೆರೆಯುವುದಿಲ್ಲ. ಗುಮಾಸ್ತರನ್ನೆಲ್ಲ ಸಾಲಾಗಿ ನಿಲ್ಲಿಸಿ, ಟೋಪಿ ತೆಗೆಸಿ, ತಲೆ ನೋಡಿಕೊಂಡು ಹೋಗುತ್ತಾರೆ. ಹೆಣ್ಣು ನೋಡಲು ಬಂದ ಹುಡುಗನ ತಲೆ ಕರ್ರಗಿದ್ದರೆ ದುಡಿಯುವವನು ಎಂದು ಹೆಣ್ಣಿನ ತಂದೆ ಹಿಗ್ಗುತ್ತಾನೆ, ಮನೆಯಲ್ಲಿ ಇರುವವನಲ್ಲ ಎಂದು ತಾಯಿ ಮುಖ ಸಿಂಡರಿಸುತ್ತಾಳೆ. ಮನೆಗೆಲಸವೂ ಒಂದು ಕೆಲಸವೇ ಎಂಬ ಜಗಳ ಬೇರೆ ಊರುಗಳಲ್ಲಿ ಇದೆಯಂತೆ. ನಮ್ಮಲ್ಲಿಲ್ಲ. ನಾಲ್ಕು ಮಕ್ಕಳನ್ನು ಸಾಕಿದ ತಾಯಿ ಮಗಳ ಪಕ್ಕ ನಿಂತರೆ ಅಕ್ಕತಂಗಿಯರ ಹಾಗೆ ಕಾಣುತ್ತಾರೆ. ಇಂಥ ಊರಲ್ಲಿ ಅರವತ್ತಕ್ಕೆ ಕೆಲಸ ಬಿಡಿ ಎಂದರೆ, ಯಾವ ಅರವತ್ತು, ಹುಟ್ಟಿದಾಗಿನಿಂದ ಎಣಿಸಿದ್ದೋ ಸುಮ್ಮನೆ ಕೂತದ್ದನ್ನು ಎಣಿಸಿದ್ದೋ ಎಂದು ಜನ ವಾದಕ್ಕೆ ನಿಲ್ಲುತ್ತಾರೆ. ಹಾಗಾಗಿ ಯಾವಾಗ ಬಿಡಬೇಕೆಂದು ಅವರವರೇ ನಿರ್ಧರಿಸಬೇಕು. ಬಿಟ್ಟ ದಿನ ಓಣಿಗೆಲ್ಲ ಚುರುಮುರಿ ಹಂಚುತ್ತಾರೆ. ತಿಂದವರು "ಚಂದಾಗಿ ಹಣ್ಣಾಗು" ಎಂದು ಹರಸಿ ಹೋಗುತ್ತಾರೆ.

ದಾವಲಸಾಬನ ಗಾದಿ ಅಂಗಡಿ ನನ್ನ ಅಂಗಡಿಯ ಎದುರಿಗೇ ಇದೆ. ಅವನು ಅರಳೆ ಹಿಂಜಿ, ಚೀಲಕ್ಕೆ ತುಂಬಿ, ದಬ್ಬಣದಿಂದ ಬಿಗಿಯಾಗಿ ಹೊಲಿದು ಕೊಟ್ಟ ಗಾದಿಯ ಮೇಲೆ ಮಲಗಿದವರಿಗೆ ಬೆಳಿಗ್ಗೆ ಏಳಲು ಮನಸ್ಸೇ ಬರುತ್ತಿರಲಿಲ್ಲ. ಅರ್ಧ ಊರು ಮುದಿಯಾದದ್ದು ನಿನ್ನ ಗಾದಿಯಿಂದಲೇ ಎಂದು ನಾನು ಅವನನ್ನು ಛೇಡಿಸುತ್ತಿದ್ದೆ. ಅವನು ಮಾತ್ರ ಒಂದು ದಿನವೂ ಅದರ ಮೇಲೆ ಮೈ ಚಾಚಿದವನಲ್ಲ. ಮಕ್ಕಳ ಮದುವೆಗಳಾಗಿ ಮೊಮ್ಮಕ್ಕಳು ಓಡಾಡುವಾಗಲೂ ಮೀಸೆ ಮಿರಿಮಿರಿ ಕಪ್ಪು. ತಲೆಯಲ್ಲಿ ಅಲ್ಲಲ್ಲಿ ಕಾಣುತ್ತಿದ್ದ ಬಿಳುಪೆಲ್ಲ ಅರಳೆಯದು, ಕೊಡವಿದರೆ ಉದುರಿಹೋಗುತ್ತಿತ್ತು.

ಅವನ ಹೆಂಡತಿ ಮಾಬೂಬಿ ಪಕ್ಕದಲ್ಲೇ ಕೂತು ಗಾದಿ ಹೊಲಿಯುತ್ತಿದ್ದಳು. ಬಹಳ ಕಾಲ ಇಬ್ಬರೂ ಹೊಸದಾಗಿ ಮದುವೆಯಾದವರ ಹಾಗೇ ಇದ್ದರು. ಒಂದು ದಿನ ಅರ್ಧ ಹೊಲಿದ ಗಾದಿಗೆ ದಬ್ಬಣ ಚುಚ್ಚಿಟ್ಟು ಮಾಬೂಬಿ ಎದ್ದು ನಿಂತಳು.

"ಸಾಕಾತ್ರೀ ನನಗ. ನಾ ಇನ್ನ ಮುದುಕಿ ಆಗಬೇಕು."

"ಏನಾತು? ಮೈಯಾಗ ಆರಾಮಿಲ್ಲೇನು?" ಎಂದು ದಾವಲಸಾಬ ಗಾಬರಿಯಾದ.

"ಆರಾಮ ಅದೇನಿ, ಅದಕ್ಕ ಬಿಡಾಕತ್ತೇನಿ. ನನ್ನ ವಾರಗಿಯವರೆಲ್ಲ ಕಟ್ಟಿ ಮ್ಯಾಲೆ ಕುಂತು ನಗತಾರ. ನಾ ಒಬ್ಬಾಕಿ ದಬ್ಬಣ ಹಿಡಕೊಂಡು ಎಷ್ಟಂತ ಹರೇದಾಕಿ ಆಗಿರ್ಲಿ? ನೀವೂ ಏಳ್ರಿ."

"ಈ ಮದುವಿ ಹಂಗಾಮು ಒಂದು ಮುಗೀಲಿ, ನಾನೂ ಬಿಟ್ಟಬಿಡ್ತೇನಿ."

ಮದುವೆಯ ಹಂಗಾಮು ಎಂದಾದರೂ ಮುಗಿಯುತ್ತದೆಯೇ? ಒಂದು ಮುಗಿಯುವಾಗ ಚಳಿ ಬರುತ್ತದೆ, ಜನಕ್ಕೆ ದಪ್ಪ ಗಾದಿ ಬೇಕು. ಚಳಿ ಹೋದರೆ ಹಳೆ ಗಾದಿ ಬಿಚ್ಚಿ ಹಿಂಜಿಸುವವರು ಸಾಲುಗಟ್ಟುತ್ತಾರೆ. ಅಷ್ಟರಲ್ಲಿ ಮತ್ತೆ ಮದುವೆ. ದಾವಲಸಾಬ ವರ್ಷ ವರ್ಷವೂ ಅದೇ ಮಾತು ಹೇಳಿದ, ನಿಜವಾಗಿ ನಂಬಿಯೇ ಹೇಳಿದ. ಮಾಬೂಬಿ ಮಾತ್ರ ಕಾಯದೆ ಹಣ್ಣಾಗತೊಡಗಿದಳು. ಕೆಲಸ ಬಿಟ್ಟವರು ಹೇಗಿರಬೇಕೆಂದು ನೋಡಬೇಕಿದ್ದರೆ ಅವಳನ್ನು ನೋಡಬೇಕಿತ್ತು. ನಸುಕಿನಲ್ಲಿ ಕೆರೆ ಏರಿಯ ಮೇಲೆ ಅಡ್ಡಾಟ, ಮಧ್ಯಾಹ್ನ ಕಟ್ಟೆಯ ಮೇಲೆ ಗೆಳತಿಯರ ಜೊತೆ ಚೌಕಾಬಾರ, ಸಂಜೆ ಯಾರದಾದರೂ ಮನೆಯ ಹಪ್ಪಳ, ಊರ ಸುದ್ದಿ. ಕಣ್ಣಿನ ಮೂಲೆಯಲ್ಲಿ ಮೊದಲು ಗೆರೆ ಬಿದ್ದಾಗ ನನ್ನ ಅಂಗಡಿಗೆ ಬಂದು, ಕನ್ನಡಿಯಲ್ಲಿ ನೋಡಿಕೊಂಡು, "ಇದು ಹನುಮಕ್ಕ ಮೊನ್ನಿ ಹೇಳಿದ ಮಾತಿಗೆ ನಕ್ಕದ್ದು ನೋಡು ರಾಚಣ್ಣಾ" ಎಂದು ತೋರಿಸಿ ಹೋಗಿದ್ದಳು.

ಹೀಗೆ ವರ್ಷಗಳು ಹೋದವು. ಒಂದು ಮದುವೆಗೆ ಗಂಡ ಹೆಂಡತಿ ಇಬ್ಬರೂ ಹೋಗಿದ್ದರು, ನಾನೂ ಹೋಗಿದ್ದೆ. ಗಂಡಿನ ಕಡೆಯವನೊಬ್ಬ, ಪರ ಊರಿನವನು, ಬಾಗಿಲಲ್ಲಿ ನಿಂತು ಬಹಳ ಮರ್ಯಾದೆಯಿಂದ ದಾವಲಸಾಬನಿಗೆ ಹೇಳಿದ: "ನಿಮ್ಮ ತಾಯಾರನ್ನ ಒಳಗ ಕರಕೊಂಡು ಬರ್ರಿ. ಹಿರೇರಿಗೆ ಕುರ್ಚಿ ಹಾಕ್ಸೇವಿ." ಮಾಬೂಬಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕುರ್ಚಿಯ ಮೇಲೆ ಕೂತು ಎರಡು ಸಲ ಬಡಿಸಿಕೊಂಡು ಉಂಡಳು. ದಾವಲಸಾಬ ಎಲೆ ಮುಟ್ಟದೆ ಎದ್ದ. ಮನೆಗೆ ಬರುವಾಗ ಅವಳ ನಗು ತಾನಾಗಿ ನಿಂತಿತು.

"ಬರೋ ದಿನದಾಗ ನಿಮ್ಮ ಅಜ್ಜಿ ಅಂತಾರ. ಅಂದ್ರ ಅನ್ಲಿ, ಬೇಜಾರಿಲ್ಲ. ಆದ್ರ ಒಂದ ಮಾತು ಹೇಳ್ತೇನಿ ಕೇಳ್ರಿ. ನನ್ನ ಮುದಿತನ ನೀವಿಲ್ಲದನ ಮುಗದು ಹೊಕ್ಕೈತಿ. ನಾ ಹೋಗೂಮುಂದ ನೀವು ಇನ್ನೂ ಹರೇದವರು ಇರ್ತೀರಿ. ಅದ ನನಗ ಸಂಕಟ."

ಅವಳು ಅಷ್ಟೇ ಹೇಳಿದ್ದು. ಮರುದಿನ ಬೆಳಿಗ್ಗೆ ನಾನು ಅಂಗಡಿಯ ಬಾಗಿಲು ತೆಗೆಯುವ ಮೊದಲೇ ದಾವಲಸಾಬ ಹೊರಗೆ ನಿಂತಿದ್ದ.

"ರಾಚಣ್ಣಾ, ನನ್ನ ತಲಿ ಬೆಳ್ಳಗ ಮಾಡು."

ನನಗೆ ಮೊದಲು ಅರ್ಥವೇ ಆಗಲಿಲ್ಲ. ನಮ್ಮೂರಲ್ಲಿ ಕೂದಲಿಗೆ ಕರಿ ಬಣ್ಣ ಹಚ್ಚುವುದು ಮಹಾ ಮೋಸ. ಕೈ ಮುಟ್ಟಿ ಕೆಲಸ ಮಾಡದವನು ದುಡಿದವನ ಹಾಗೆ ಮೆರೆದಂತೆ. ಕರಿ ಬಣ್ಣ ಮುಟ್ಟುವುದಿಲ್ಲ ಎಂದು ನಮ್ಮಪ್ಪ ನನ್ನಿಂದ ಆಣೆ ಹಾಕಿಸಿಕೊಂಡಿದ್ದ. ಬಿಳಿ ಬಣ್ಣದ ಬಗ್ಗೆ ಅವನು ಏನೂ ಹೇಳಿರಲಿಲ್ಲ, ಅಂಥ ಗಿರಾಕಿ ಬರಬಹುದೆಂದು ಅವನಿಗಾದರೂ ಹೇಗೆ ಗೊತ್ತಿರಬೇಕು?

"ಅಂಗಡಿ ಬಿಟ್ಟು ನಾಲ್ಕು ದಿನ ಕುಂತರ ತಾನ ಬೆಳ್ಳಗಾಕ್ಕತಿ, ಪುಕ್ಕಟೆ" ಎಂದೆ.

"ಕುಂತರ ನನಗ ಎದಿ ಢವಢವ ಅಂತೈತೋ ಮಾರಾಯಾ. ಕೈ ಖಾಲಿ ಇದ್ರ ಇದು ಯಾರ ಕೈ ಅನಸ್ತೈತಿ. ನೀ ಹಚ್ಚು."

ಹಚ್ಚಿದೆ. ಏನು ಹಚ್ಚಿದೆ ಎಂದು ಹೇಳುವುದಿಲ್ಲ, ಅದು ಕಸುಬಿನ ಗುಟ್ಟು. ಒಮ್ಮೆಲೇ ಬೆಳ್ಳಗೆ ಮಾಡಿದರೆ ಗುಮಾನಿ ಬರುತ್ತದೆಂದು ಕಿವಿಯ ಹತ್ತಿರ ಸ್ವಲ್ಪ, ಮೀಸೆಯ ತುದಿಯಲ್ಲಿ ಸ್ವಲ್ಪ, ವಾರ ವಾರ ಹೆಚ್ಚಿಸುತ್ತಾ ಹೋದೆ. ಬೆನ್ನು ಎಷ್ಟು ಬಗ್ಗಿಸಬೇಕು, ಕೆಮ್ಮು ಎಲ್ಲಿಂದ ಬರಬೇಕು ಎಂಬುದನ್ನೂ ಕಲಿಸಿದೆ. ನನ್ನ ಕೈಚಳಕದ ಬಗ್ಗೆ ನನಗೇ ಹೆಮ್ಮೆಯಾಯಿತು.

ಮಾಬೂಬಿಗೆ ಆದ ಸಂತೋಷ ಹೇಳತೀರದು. ಗಂಡ ಅಂಗಡಿಯಲ್ಲಿ ಈಗ ಕೆಲಸ ಕಡಿಮೆ ಮಾಡಿ ಸುಮ್ಮನೆ ಕೂರುತ್ತಿದ್ದಾನೆ, ನಿಧಾನವಾಗಿ ರೂಢಿ ಮಾಡಿಕೊಳ್ಳುತ್ತಿದ್ದಾನೆ ಎಂದು ಅವಳು ತಿಳಿದಳು. ರಾತ್ರಿ ಊಟಕ್ಕೆ ಬಡಿಸುತ್ತಾ, "ಇವತ್ತು ಕುಂತು ಏನೇನ ನೋಡಿದ್ರಿ?" ಎಂದು ಆಸೆಯಿಂದ ಕೇಳುವಳು. ಇದಕ್ಕೆ ಮಾತ್ರ ದಾವಲಸಾಬ ತಯಾರಿರಲಿಲ್ಲ. ಸುಮ್ಮನೆ ಕೂತವರಿಗೆ ಏನು ಕಾಣುತ್ತದೆಂದು ಅವನಿಗೆ ಗೊತ್ತೇ ಇಲ್ಲ! ದಿನಾ ಸಂಜೆ ನನ್ನ ಹತ್ತಿರ ಓಡಿ ಬಂದು, "ಇವತ್ತು ಓಣ್ಯಾಗ ಏನಾತು, ಲಗೂನ ಹೇಳು" ಎಂದು ಕೇಳಿಕೊಂಡು ಹೋಗುತ್ತಿದ್ದ. ಎರಡು ಗುಬ್ಬಿ ಒಂದು ಕಾಳಿಗೆ ಜಗಳಾಡಿದ್ದು, ಬಾಳೆಹಣ್ಣಿನ ಗಾಡಿಯವನಿಗೆ ಗೊತ್ತಾಗದಂತೆ ಹಸು ಗೊನೆಯ ತುದಿ ಕಡಿದದ್ದು, ಹೊಸ ಮೇಷ್ಟ್ರು ಸೈಕಲ್ಲಿಂದ ಬಿದ್ದು ಯಾರೂ ನೋಡಿಲ್ಲವೆಂದು ಕೊಡವಿಕೊಂಡು ಹೋದದ್ದು. ಎಲ್ಲವನ್ನೂ ಬಾಯಿಪಾಠ ಮಾಡಿ ಮನೆಗೆ ಒಯ್ಯುವನು. ಆ ಬಾಯಿಪಾಠವೂ ಒಂದು ಕೆಲಸವಾಗಿ, ಬಣ್ಣದ ಕೆಳಗೆ ಅವನು ಇನ್ನಷ್ಟು ಎಳೆಯವನಾಗಿಯೇ ಉಳಿದ.

ಒಂದು ಸಂಜೆ ನನ್ನ ಅಂಗಡಿಗೆ ಬೀಗ ಹಾಕಿತ್ತು. ದಾವಲಸಾಬ ತಾನೇ ಒಂದು ಸುದ್ದಿ ಕಟ್ಟಿ ಹೆಂಡತಿಗೆ ಹೇಳಿದ.

"ನಮ್ಮ ಅಂಗಡಿ ಮುಂದಿನ ಬೇವಿನ ಮರ ಐತೆಲ್ಲ, ಇವತ್ತು ಮಧ್ಯಾಹ್ನ ಅದನ್ನ ನೋಡಕೋತ ಕುಂತಿದ್ದೆ. ಹೂ ಬಿಟ್ಟೈತಿ. ಗಾಳಿ ಬಂದಾಗೊಮ್ಮೆ ಸಣ್ಣಗ ಉದುರತಾವು. ಭಾಳ ಚಂದ."

ಮಾಬೂಬಿಯ ಕೈಯಲ್ಲಿದ್ದ ಸೌಟು ನಿಂತಿತು.

"ಆ ಮರ ಕಡದು ಎರಡ ವರ್ಷಾತು" ಎಂದಳು. "ಕಟ್ಟಿ ಒಂದ ಉಳದೈತಿ. ಕಡಿಯೂಮುಂದ ನಾವೆಲ್ಲಾರೂ ಅಡ್ಡ ನಿಂತಿದ್ದಿವಿ. ನಾ ನಿಮ್ಮ ಅಂಗಡಿ ಮುಂದ ನಿಂತ ಅತ್ತಿದ್ದೆ."

ನಡೆದದ್ದು ನಿಜ. ಮರ ಬಿದ್ದ ದಿನ ಇಡೀ ಓಣಿ ಅಲ್ಲಿತ್ತು. ದಾವಲಸಾಬನ ಅಂಗಡಿಯೊಳಗೆ ಒಮ್ಮೆಲೇ ಬಿಸಿಲು ಬಿದ್ದಾಗ ಅವನು ಒಂದು ಗೋಣಿತಟ್ಟು ಅಡ್ಡ ಕಟ್ಟಿಕೊಂಡು ಹಿಂಜುವುದನ್ನು ಮುಂದುವರಿಸಿದನೇ ಹೊರತು, ಬಿಸಿಲು ಎಲ್ಲಿಂದ ಬಂತೆಂದು ತಲೆ ಎತ್ತಿರಲಿಲ್ಲ.

ಮಾಬೂಬಿ ಸೆರಗಿನ ತುದಿಯನ್ನು ನೀರಲ್ಲಿ ಅದ್ದಿ ಗಂಡನ ಕಿವಿಯ ಹತ್ತಿರದ ಕೂದಲು ಒರೆಸಿದಳು. ನನ್ನ ಕೈಚಳಕವೆಲ್ಲ ಸೆರಗಿಗೆ ಬಂತು. ಅವಳು ಬೈಯಲಿಲ್ಲ, ಒಳಗೆ ಹೋಗಿ ಅತ್ತಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ ಎಂದು ದಾವಲಸಾಬ ಆಮೇಲೆ ನನ್ನ ಮುಂದೆ ಹೇಳಿಕೊಂಡ. ನನಗೂ ಮುಖ ಎತ್ತಲಾಗಲಿಲ್ಲ. ಮಾಬೂಬಿ ಆಮೇಲೆ ಬಹಳ ದಿನ ನನ್ನ ಅಂಗಡಿಯ ಕಡೆ ತಿರುಗಿ ನೋಡದೆ ಓಡಾಡಿದಳು.

ಏನು ಮಾಡುವುದೆಂದು ತೋಚದೆ ದಾವಲಸಾಬ ಅಪ್ಪನ ಹತ್ತಿರ ಹೋದ. ಅಪ್ಪ ಹುಸೇನಸಾಬನದೂ ಗಾದಿ ಅಂಗಡಿಯೇ, ಪೇಟೆಯ ಆ ತುದಿಯಲ್ಲಿ. ಅವನು ಊರಿನ ಹೆಮ್ಮೆ. ಕೆಲಸ ಬಿಟ್ಟು ಕೂತದ್ದನ್ನು ಯಾರೂ ಕಂಡವರಿಲ್ಲ. ಉಣ್ಣುವಾಗಲೂ ಒಂದು ಕೈಯಲ್ಲಿ ಅರಳೆ ಬಿಡಿಸುತ್ತಿದ್ದ. ಅಪ್ಪ ಮಗ ಎದುರುಬದುರು ನಿಂತರೆ ಮಗನೇ ನಾಲ್ಕು ವರ್ಷಕ್ಕೆ ದೊಡ್ಡವನ ಹಾಗೆ ಕಾಣುತ್ತಿದ್ದ.

"ಏನಲೇ ಮುದುಕಾ, ಇತ್ತಾಗ ಬಂದೀ?" ಎಂದ ಅಪ್ಪ, ತಲೆ ಎತ್ತದೆ.

"ಅಪ್ಪಾ, ಕಡೇಕ ಅವ್ವ ಹೆಂಗ ಕಾಣತಿದ್ಲು?"

"ಯಾವಾಗ?"

"ತೀರಕೊಳ್ಳೂ ಮುಂದ. ತಲಿ ಪೂರಾ ಬೆಳ್ಳಗಾಗಿತ್ತೇನು? ಹಲ್ಲು ಇದ್ದುವೇನು? ನನಗ ನೆನಪಾಗವಲ್ದು. ನಾನೂ ಅಂಗಡ್ಯಾಗ ಇದ್ದೆ."

ಹುಸೇನಸಾಬನ ಕೈ ಒಂದು ಗಳಿಗೆ ನಿಂತಿತು. ಆ ಒಂದು ಗಳಿಗೆಯಲ್ಲಿ ಅವನ ಮುಖ ಏನೋ ಹುಡುಕಿತು, ಸಿಗಲಿಲ್ಲ.

"ಆಗ ಮದುವಿ ಹಂಗಾಮು ಇತ್ತಲೇ" ಎಂದ. "ಕೈ ತುಂಬ ಕೆಲಸ. ನೋಡೂದು ಎಲ್ಲಿಂದ ಬಂತು? ಕುಂದರಬ್ಯಾಡ ಸುಮ್ನ, ಆ ದಾರ ಇತ್ತಾಗ ಕೊಡು."

ದಾವಲಸಾಬ ದಾರ ಕೊಟ್ಟ. ಕರಿ ಮೀಸೆಯ ಆ ಹರೆಯದ ಗಂಡಸು, ತನ್ನ ಅಪ್ಪ, ಮನೆಗೆ ಹೋದರೆ ಮಾತಾಡಿಸುವವರಿಲ್ಲದೆ ಅಂಗಡಿಯಲ್ಲೇ ಮಲಗುತ್ತಾನೆಂಬುದು ಅವನಿಗೆ ಆವತ್ತು ಮೊದಲ ಸಲ ಕಣ್ಣಿಗೆ ಬಿತ್ತು. ಅವನಿಗೆ ಭಯವಾಯಿತು, ಮರುಕವೂ ಆಯಿತು. ನೇರ ಬಂದು ಅಂಗಡಿಯ ಬಾಗಿಲು ಎಳೆದು, ಚುರುಮುರಿಯವನನ್ನು ಬುಟ್ಟಿ ಸಮೇತ ಕರೆದುಕೊಂಡು ಹೋಗಿ ಕಟ್ಟೆಯ ಮೇಲೆ ಕೂತಿದ್ದ ಮಾಬೂಬಿಯ ಮುಂದೆ ನಿಲ್ಲಿಸಿದ. ಮದುವೆ ಹಂಗಾಮಿನ ನಟ್ಟನಡುವೆ! ಓಣಿ ಓಣಿಯೇ ಬಂದು ಹರಸಿತು.

ಇನ್ನು ಎಲ್ಲ ಸುಸೂತ್ರವಾಯಿತೆಂದು ನೀವು ತಿಳಿದರೆ, ನೀವು ಕೆಲಸ ಬಿಟ್ಟ ಗಂಡಸನ್ನು ಮನೆಯಲ್ಲಿ ಇಟ್ಟುಕೊಂಡವರಲ್ಲ. ದಾವಲಸಾಬ ಮೊದಲ ವಾರವೇ ಮನೆಯ ದಿಂಬುಗಳನ್ನೆಲ್ಲ ಬಿಚ್ಚಿ ಹಿಂಜಿದ. ಅದು ಮುಗಿದ ಮೇಲೆ ನೆರೆಮನೆಯ ದಿಂಬುಗಳ ಮೇಲೆ ಕಣ್ಣು ಹಾಕಿದ. ಕೆರೆ ಏರಿಯ ಮೇಲೆ ಹೆಂಡತಿಯ ಜೊತೆ ಅಡ್ಡಾಡಲು ಹೋಗಿ ಅವಳನ್ನು ಹಿಂದೆ ಬಿಟ್ಟು ಓಡಿದ. ಚೌಕಾಬಾರ ಕಲಿಸಿದರೆ ಮೈಯೆಲ್ಲ ಬೆವರುವಷ್ಟು ಲೆಕ್ಕ ಹಾಕಿ ಗೆಳತಿಯರನ್ನೆಲ್ಲ ಸೋಲಿಸಿದ.

"ಗೆಲ್ಲೂದು ಕೆಲಸಾತ್ರೀ ದಾವಲಣ್ಣಾ" ಎಂದು ಹನುಮಕ್ಕ ಬೈದಳು. "ನಾವು ಇಲ್ಲಿ ಸೋಲಾಕ ಕುಂತೇವಿ. ಸೋತು ನಗಬೇಕು. ತಿಳೀತ?"

ಸೋಲುವುದನ್ನು ಕಲಿಯಲು ಅವನಿಗೆ ಒಂದು ಮಳೆಗಾಲವೇ ಬೇಕಾಯಿತು. ಆಮೇಲೊಂದು ದಿನ ನನ್ನ ಅಂಗಡಿಗೆ ಬಂದು, ಉಸಿರು ಬಿಗಿಹಿಡಿದು, ತಲೆ ಬಗ್ಗಿಸಿದ. ಕಿವಿಯ ಮೇಲೆ ಒಂದು ಬಿಳಿ ಎಳೆ. ಅರಳೆಯಿರಬಹುದೆಂದು ಊದಿದೆ, ಕೊಡವಿದೆ, ಜಗ್ಗಿ ನೋಡಿದೆ. ಅವನು ಚೀರಿದ. ಕೂದಲೇ! ಅಷ್ಟು ಖುಷಿಯಿಂದ ಚೀರಿದ ಗಿರಾಕಿಯನ್ನು ನಾನು ಕಂಡಿಲ್ಲ. ಮಾಬೂಬಿಯೂ ಓಡಿ ಬಂದು ನೋಡಿ, ನನ್ನ ಕಡೆ ತಿರುಗಿ, "ಇದು ನಿನ್ನ ಕೈಕೆಲಸ ಅಲ್ಲ ಹೌದಲ್ಲೋ?" ಎಂದು ಗದರಿಸಿ ಕೇಳಿದಳು. ಅವಳು ಮತ್ತೆ ನನ್ನನ್ನು ಮಾತಾಡಿಸಿದ್ದು ಹಾಗೆ.

ಆದರೆ ಖುಷಿಯ ಬೆನ್ನಿಗೇ ದಾವಲಸಾಬನಿಗೆ ಇನ್ನೊಂದು ಯೋಚನೆ ಹತ್ತಿತು. ಕುರ್ಚಿಯ ಮೇಲೆ ಹಾಗೇ ಕೂತು ನನ್ನನ್ನು ಕೇಳಿದ: "ನಾ ಒಂದು ವರ್ಷ ಹಣ್ಣಾದ್ರ ಆಕೀನೂ ಒಂದು ವರ್ಷ ಹಣ್ಣಾಗ್ತಾಳ. ಹಂಗಾದ್ರ ನಾ ಆಕೀ ವಯಸ್ಸು ಮುಟ್ಟೂದು ಯಾವಾಗೋ?"

ಅವನು ಅಂಗಡಿಯಲ್ಲಿ ಕಳೆದ ವರ್ಷಗಳು ಅವರಿಬ್ಬರ ನಡುವೆ ಹಾಗೇ ಬಿದ್ದಿದ್ದವು. ಎಷ್ಟು ಕೂತರೂ ಅವು ಸವೆಯುವಂಥವಲ್ಲ. ಅವನ ಕಣ್ಣು ತುಂಬಿತ್ತು. ಬಾಗಿಲಲ್ಲಿ ನಿಂತಿದ್ದ ಮಾಬೂಬಿ ಇದನ್ನು ಕೇಳಿದಳು. ಒಳಗೆ ಬಂದಳು. ಆಮೇಲೆ ಕೈ ಚಾಚಿ, "ಅಂಗಡಿ ಕೀಲಿ ಕೊಡ್ರಿ" ಎಂದಳು.

"ಯಾಕ?"

"ನಾ ಸಾಕಷ್ಟು ಕುಂತೇನಿ. ಇನ್ನ ಸ್ವಲ್ಪ ದಿನ ನಿಂದರ್ತೇನಿ. ನೀವು ಬರ್ರಿ ನಿಧಾನಕ."

ಮರುದಿನದಿಂದ ಗಾದಿ ಅಂಗಡಿಯ ಬಾಗಿಲು ತೆರೆಯಿತು. ಮುದುಕಿ ಮಾಬೂಬಿ ಕನ್ನಡಕ ಏರಿಸಿ ಹೊಲಿಯಲು ಕೂತಳು. ಅವಳ ಎದುರಿಗೆ ಹೊಸ ಗಾದಿ ಹಾಸಿ ಅದರ ಮೇಲೆ ದಾವಲಸಾಬ ಕಾಲು ಚಾಚಿ ಮಲಗಿದ. ತನ್ನ ಗಾದಿ ಇಷ್ಟು ಮೆತ್ತಗಿದೆ ಎಂದು ಅವನಿಗೆ ಆಗ ಗೊತ್ತಾಯಿತಂತೆ. ಗಿರಾಕಿಗಳು ಬಂದು, ಹೆಂಗಸನ್ನು ದುಡಿಯಲು ಹಚ್ಚಿ ಹೇಗೆ ಬಿದ್ದುಕೊಂಡಿದ್ದಾನೆ ನೋಡು ಎಂದು ಗೊಣಗಿದರೆ ಅವಳೇ ಅವರ ಬಾಯಿ ಮುಚ್ಚಿಸುತ್ತಿದ್ದಳು. ಅವನು ಮಲಗಿದಲ್ಲಿಂದಲೇ ಬೀದಿಯನ್ನು ನೋಡುತ್ತಿದ್ದ. ಕಂಡದ್ದನ್ನೆಲ್ಲ ಅವಳಿಗೆ ಹೇಳುತ್ತಿದ್ದ, ಈ ಸಲ ಯಾರನ್ನೂ ಕೇಳದೆ. ಅವನ ಮಾತಿಗೆ ಅವಳಿಗೆ ನಗು ಬಂದು ಕೈ ನಿಂತುಹೋಗುತ್ತಿತ್ತು. "ನಗಸಬ್ಯಾಡ್ರಿ, ಕೈ ನಿಂತ್ರ ನಾ ಮತ್ತ ಮುಂದ ಹೋಗಿಬಿಡ್ತೇನಿ" ಎಂದು ಬೈಯುತ್ತಿದ್ದಳು. ಅವನು ಬಾಯಿ ಮುಚ್ಚಿಕೊಳ್ಳುವನು. ಎರಡು ನಿಮಿಷ ತಡೆಯುವನು, ಮತ್ತೆ ಏನೋ ಕಾಣುವುದು.

ಅವನ ತಲೆಯನ್ನು ನಾನು ನೋಡುತ್ತಲೇ ಇದ್ದೆ. ಕಿವಿಯ ಮೇಲಿನಿಂದ ಹಣೆಗೆ, ಹಣೆಯಿಂದ ನೆತ್ತಿಗೆ, ಆಮೇಲೆ ಮೀಸೆಗೆ. ಯಾವ ಬಣ್ಣವೂ ಅಷ್ಟು ಚೆನ್ನಾಗಿ ಕೂರುವುದಿಲ್ಲ. ಮಾಬೂಬಿ ಮಾತ್ರ ತಲೆ ನೋಡುತ್ತಿರಲಿಲ್ಲ, ಅವಳು ಬೇರೇನನ್ನೋ ಕಾಯುತ್ತಿದ್ದಳು. ಅದು ಏನೆಂದು ನನಗೆ ತಿಳಿದದ್ದು ಹೋದ ಬೇಸಿಗೆಯಲ್ಲಿ.

ಮಧ್ಯಾಹ್ನದ ಊಟಕ್ಕೆಂದು ದಾವಲಸಾಬ ಗಾದಿಯ ಮೇಲಿಂದ ಏಳಲು ಹೋದ. ಅರ್ಧ ಎದ್ದವನು ಮೊಣಕಾಲ ಮೇಲೆ ಕೈ ಊರಿ, "ಯವ್ವಾ..." ಎಂದು ನರಳಿ ಅಲ್ಲೇ ಕೂತ.

ಮಾಬೂಬಿಯ ಮುಖ ಅರಳಿತು. ಹರೆಯದ ಹುಡುಗಿಯ ಹಾಗೆ ಎದ್ದು ಓಡಿ ಬರಲು ನೋಡಿದಳು, ಅವಳ ಬಾಯಿಂದಲೂ ಅದೇ "ಯವ್ವಾ" ಬಂತು.

"ಬಂದ್ರಲ್ಲ!" ಎಂದಳು. "ಎಷ್ಟ ಹೊತ್ತು ಮಾಡಿದ್ರಿ!"

ಒಬ್ಬರ ತೋಳು ಒಬ್ಬರು ಹಿಡಿದು, ಮೂರು ಸಲ ಪ್ರಯತ್ನಿಸಿ, ನಾಲ್ಕನೆಯ ಸಲಕ್ಕೆ ಇಬ್ಬರೂ ಎದ್ದು ನಿಂತರು. ಸಾಲಾಗಿ ಕೂತಿದ್ದ ಗಿರಾಕಿಗಳಿಗೆ ಒಂದು ಮಾತೂ ಹೇಳದೆ ಬೀದಿಗಿಳಿದರು. ಕೆರೆಯ ಕಡೆಗೆ ಹೋಗುತ್ತಿದ್ದ ಅವರನ್ನು ನಾನು ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದೆ. ಯಾರು ಯಾರನ್ನು ಹಿಡಿದುಕೊಂಡಿದ್ದರೋ ಹೇಳಲು ಬರುತ್ತಿರಲಿಲ್ಲ. ಇಬ್ಬರೂ ಒಂದೇ ನಿಧಾನದಲ್ಲಿ ನಡೆಯುತ್ತಿದ್ದರು.